ತೂಕ ಕೇಳುವ ಮುನ್ನ

ದಪ್ಪಗಿರುವವರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಕುರ್ಚಿಯನ್ನು. ನೀವು ನಗಬಹುದು, ಆದರೆ ಅದು ಪ್ಲಾಸ್ಟಿಕ್ಕಿನದೋ ಮರದ್ದೋ, ಕೈಗಳಿವೆಯೋ ಇಲ್ಲವೋ, ನಾವು ಏಳುವಾಗ ಅದೂ ನಮ್ಮೊಡನೆ ಎದ್ದು ಬಂದೀತೋ ಎಂಬ ಸೂಕ್ಷ್ಮ ಜಿಜ್ಞಾಸೆಯಲ್ಲಿ ನಾನು ಪಾರಂಗತೆ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ‘ಗುರುತ್ವ’ ಎಂಬ ಶಬ್ದದ ಎರಡೂ ಅರ್ಥಗಳು ಮೈಗೂಡಿವೆ.

ಈ ವಿನೋದವೆಲ್ಲ ಆಸ್ಪತ್ರೆಯ ಬಾಗಿಲವರೆಗೆ ಮಾತ್ರ. ಮಂಡಿ ನೋವೆಂದು ಹೋದರೂ, ಕಿವಿ ಸೋರುತ್ತದೆಂದು ಹೋದರೂ “ಮೊದಲು ತೂಕ ಇಳಿಸಿ” ಎಂಬ ಒಂದೇ ಮಂತ್ರ ಕೇಳಿ ಕೇಳಿ, ಹೋಗುವುದನ್ನೇ ಬಿಟ್ಟಿದ್ದೆ. ಹಾಗಾಗಿ ಎಡ ಎದೆಯಲ್ಲಿ ಅವರೆಕಾಳಿನಷ್ಟು ಗಂಟೊಂದು ಕೈಗೆ ಸಿಕ್ಕಾಗಲೂ ಯಾರಿಗೂ ಹೇಳಲಿಲ್ಲ. ಸ್ನಾನಕ್ಕೆ ಕೂತಾಗಲೆಲ್ಲ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ನೀರು ಬಿಸಿಯಿದ್ದರೂ ಮೈ ತಣ್ಣಗಾಗುತ್ತಿತ್ತು.

ಅಂಥ ದಿನಗಳಲ್ಲೇ ಹಾಸನದಲ್ಲಿ ಡಾಕ್ಟರಿಕೆ ಓದುತ್ತಿರುವ ತಂಗಿಯ ಮಗಳು ಸಹನಾ ಫೋನು ಮಾಡಿದಳು. “ದೊಡ್ಡಮ್ಮ, ದಪ್ಪಗಿರೋರ ಜೊತೆ ಡಾಕ್ಟರುಗಳು ಹೆಂಗೆ ಮಾತಾಡಬೇಕು ಅಂತ ನಮ್ಮ ಪ್ರೊಫೆಸರ್ ಒಂದು ಕ್ಲಾಸ್ ಇಟ್ಟವ್ರೆ. ಬಂದು ನಿನ್ ಅನುಭವ ಹೇಳ್ತೀಯಾ?” ಮಾತೆಂದರೆ ಬಿಡುವವಳಲ್ಲ ನಾನು, ಒಪ್ಪಿಕೊಂಡೆ.

ಆದರೆ ಆ ದಿನ ಕ್ಲಾಸಿನಲ್ಲಿ ಅಷ್ಟೂ ಬಿಳಿ ಕೋಟುಗಳು ಒಟ್ಟಿಗೆ ನನ್ನತ್ತ ತಿರುಗಿದಾಗ, ದಿನವೂ ತರಗತಿಯೆದುರು ನಿಲ್ಲುವ ನನ್ನ ನಾಲಿಗೆ ಒಣಗಿತು. ನಮ್ಮೂರ ಹತ್ತಿರದ ಹಳೇಕೋಟೆ ಕಡೆಯ ಹುಡುಗನೊಬ್ಬ ಎದ್ದು, “ಮೇಡಂ, ದಿನಕ್ಕೆ ಎಷ್ಟು ಮುದ್ದೆ ಉಣ್ತೀರಿ?” ಎಂದ. ಹಿಂದಿನ ಬೆಂಚು ನಕ್ಕಿತು.

ಪ್ರೊಫೆಸರ್ ಗದರಲಿಲ್ಲ. “ನೀವು ನಕ್ಕಿದ್ದು ಅವರಿಗೂ ಕೇಳಿಸ್ತು. ಇನ್ನು ನಿಮ್ಮ ಹತ್ರ ಕಾಯಿಲೆ ಹೇಳ್ಕೊತಾರಾ? ನೀನೇ ಕೇಳಿ ನೋಡಪ್ಪ” ಎಂದರು ಅಷ್ಟೇ.

ಹುಡುಗನ ಕಿವಿ ಕೆಂಪಾಯಿತು. “ತಪ್ಪಾಯ್ತು ಮೇಡಂ,” ಎಂದು ತಡವರಿಸಿದ. “ನಮ್ಮಂಥೋರಿಗೆ ಎದರ್ಕೊಂಡು ಹೇಳದೆ ಇಟ್ಕೊಂಡಿರೋದು ಏನಾದ್ರೂ ಐತಾ?”

“ಐತೆ” ಎಂದುಬಿಟ್ಟೆ. ಗಂಟು ಎಂಬ ಎರಡಕ್ಷರ ಹೊರಬರುವಷ್ಟರಲ್ಲಿ ಸಹನಾ ಓಡಿಬಂದು ಕೈ ಹಿಡಿದಳು. ಪ್ರೊಫೆಸರ್ ಪಾಠವನ್ನು ಅಲ್ಲಿಗೇ ನಿಲ್ಲಿಸಿ, ಒಳಗೆ ಕರೆದೊಯ್ದು ಪರೀಕ್ಷಿಸಿದರು. ಆಮೇಲೆ ಸೂಜಿ ಚುಚ್ಚಿ ನೋಡಿದ್ದರಿಂದಲೂ ಏನೊಂದೂ ಖಚಿತವಾಗಲಿಲ್ಲ. ಗಂಟನ್ನು ತೆಗೆದೇ ನೋಡಬೇಕೆಂದರು.

ಆಪರೇಷನ್ನಿನ ಬೆಳಿಗ್ಗೆ ಮಂಚದ ಬಳಿ ಬಂದವನು ಅದೇ ಹುಡುಗ. “ಮೇಡಂ, ಪ್ರಜ್ಞೆ ತಪ್ಸೋ ಮದ್ದು ಎಷ್ಟು ಕೊಡಬೇಕು ಅಂತ ಗೊತ್ತಾಗಕ್ಕೆ ನಿಮ್ಮ ತೂಕ ಬೇಕು. ಕೇಳಬೌದಾ?”

ಕಾರಣ ಹೇಳಿ, ಅಪ್ಪಣೆ ಪಡೆದು ನನ್ನ ತೂಕ ಕೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ದನಿ ತಗ್ಗಿಸದೆ ಹೇಳಿದೆ. ಅವನು ಹುಬ್ಬೇರಿಸಲಿಲ್ಲ.

ಗಂಟು ಕೇಡಿನದಲ್ಲವೆಂದು ತಿಳಿದದ್ದು ಆಮೇಲಿನ ಮಾತು. ಆ ಹೊತ್ತಿಗಂತೂ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. “ಭಯ ಆಯ್ತದೆ ಕಣಪ್ಪ” ಎಂದೆ.

ಅವನು ಅಕ್ಕಪಕ್ಕ ನೋಡಿ, ಬಗ್ಗಿ, ಪಿಸುಗುಟ್ಟಿದ: “ನಂಗೂವೆ ಮೇಡಂ. ಆಪರೇಷನ್ ಥಿಯೇಟರ್ ಒಳಕ್ಕೆ ಓಯ್ತಿರೋದು ಇವತ್ತೇ ಮೊದಲು.”