ಸಡಿಲವಾಗಿ ಬಿಗಿದ ಬ್ಯಾಟು

ಅಟ್ಟದಲ್ಲಿ ಛತ್ರಿ ಹುಡುಕುತ್ತಿದ್ದೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಆದರೆ ಮೋಡ ಬಂದ ಮೇಲೆ ಛತ್ರಿ ಹುಡುಕುವಷ್ಟು ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ. ಕೈಗೆ ಸಿಕ್ಕಿದ್ದು ಟೆನಿಸ್ ಬ್ಯಾಟು. ವಾರ್ನಿಷಿನ ವಾಸನೆ, ಅದರಡಿಯಲ್ಲಿ ಒಣಗಿದ ಕುರಿಗರುಳಿನ ಮಂದ ವಾಸನೆ... ಮೇಸ್ತ್ರಿ ನೆನಪಾದರು.

ಮಹಾಯುದ್ಧ ಮುಗಿದ ಹೊಸತು. ನಾನು ದಂಡಿನ ಉಗ್ರಾಣವೊಂದರಲ್ಲಿ ಗುಮಾಸ್ತ. ಹಲಸೂರಿನ ವಠಾರದಲ್ಲಿ ಅವರದು ಪಕ್ಕದ ಮನೆ. ಜಗಲಿಯ ಮೇಲೆ ಕೂತು ಟೆನಿಸ್ ಬ್ಯಾಟುಗಳಿಗೆ ಕರುಳಿನ ತಂತಿ ಬಿಗಿಯುವುದು ಅವರ ಕಸುಬು. ಬಿಗಿದ ಮೇಲೆ ಉಗುರಿನಿಂದ ಮೀಟಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. ದೊಡ್ಡ ಪಂದ್ಯವಿದ್ದರೆ ಇಬ್ಬರು ಆಟಗಾರರ ಬ್ಯಾಟುಗಳೂ ಅವರ ಬಳಿಗೇ ಬರುತ್ತಿದ್ದವು. ಹಾಗಾಗಿ ಯಾರು ಗೆಲ್ಲುತ್ತಾರೆ ಎಂದು ಅವರು ಮೊದಲೇ ಹೇಳಿಬಿಡುತ್ತಿದ್ದರು. ತಪ್ಪಿದ್ದು ನಾನು ಕಾಣೆ.

ಆ ಬೇಸಿಗೆಯಲ್ಲಿ ಊರಿನ ಹಳೆಯ ಟೆನಿಸ್ ಚಾಂಪಿಯನ್ನರೊಬ್ಬರು ತಮ್ಮ ಕೊನೆಯ ಪಂದ್ಯ ಆಡುವವರಿದ್ದರು. ಎದುರಾಳಿ ದಂಡಿನ ಒಬ್ಬ ಎಳೆಯ ಕ್ಯಾಪ್ಟನ್. ಚಾಂಪಿಯನ್ನರ ಬ್ಯಾಟಿಗೆ ಇಪ್ಪತ್ತು ವರ್ಷದಿಂದ ತಂತಿ ಕಟ್ಟಿದ್ದು ಮೇಸ್ತ್ರಿಯೇ. ಈ ಸಲವೂ ಹೇಳಿ ಕಳಿಸಿದ್ದರು: ಯಾವಾಗಿನ ಹಾಗೇ ಬಿಗಿ ಇರಲಿ.

"ಸಾರ್ ಸೋಲ್ತಾರೆ ತಂಬಿ," ಎಂದರು ಮೇಸ್ತ್ರಿ, ತಲೆಯೆತ್ತದೆ. "ಎರಡು ಸೆಟ್ ಆಡ್ತಾರೆ. ಇಷ್ಟು ಬಿಗಿ ಇದ್ರೆ ಮೂರನೇದ್ರಲ್ಲಿ ಭುಜ ಏಳಲ್ಲ."

"ಸಡಿಲ ಇದ್ರೆ?"

"ಚೆಂಡು ತಾನೇ ಹಾರುತ್ತೆ, ತೋಳಿಗೆ ಶ್ರಮ ಕಮ್ಮಿ. ಆದ್ರೆ ಅವರು ಕೇಳಿದ್ದು ಬಿಗಿ."

ನನಗೆ ಅಂದಿನಿಂದ ಊಟ ಸೇರಲಿಲ್ಲ. ಜನ್ಮದಲ್ಲಿ ಬ್ಯಾಟು ಹಿಡಿಯದವನಿಗೆ ಭುಜ ನೋಯತೊಡಗಿತು. ಬೆಳಿಗ್ಗೆ, ಸಂಜೆ ಹೋಗಿ ಅವರ ತಲೆ ತಿಂದೆ. "ಒಂಚೂರು ಸಡಿಲ ಮಾಡಿ ಅಣ್ಣಾ, ಯಾರಿಗೆ ಗೊತ್ತಾಗುತ್ತೆ?"

"ಆಡೋರು ಅವರು, ಬೆವರೋದು ನೀನು!" ಎಂದು ನಕ್ಕರು. ನಾಲ್ಕನೆಯ ದಿನ ನಗಲಿಲ್ಲ. ಬಿಗಿದಿದ್ದ ತಂತಿಯನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು... ಸಡಿಲವಾಗಿ.

ಪಂದ್ಯದ ದಿನ ನಾವಿಬ್ಬರೂ ಹಗ್ಗದಾಚೆ ನಿಂತಿದ್ದೆವು. ಉರಿಬಿಸಿಲಲ್ಲಿ ನಾನು ಮಳೆಗೆಂದು ಛತ್ರಿ ಹಿಡಿದಿದ್ದೆ. ಚಾಂಪಿಯನ್ನರು ಬ್ಯಾಟನ್ನು ಕೈಗೆತ್ತಿಕೊಂಡು ಉಗುರಿನಿಂದ ಒಮ್ಮೆ ಮೀಟಿದರು. ಇನ್ನೊಮ್ಮೆ ಮೀಟಿದರು. ಅದನ್ನು ಬೆಂಚಿನ ಮೇಲಿಟ್ಟು, ತಂತಿ ಸವೆದ ಹಳೆಯ ಬ್ಯಾಟು ತೆಗೆದುಕೊಂಡು ಅಂಗಳಕ್ಕಿಳಿದರು.

ಮೊದಲ ಸೆಟ್ ಗೆದ್ದರು. ಎರಡನೆಯದು ಹೋಯಿತು. ಮೂರನೆಯದರಲ್ಲಿ ಭುಜ ಏಳಲಿಲ್ಲ. ಸೋತದ್ದು ಭುಜದಿಂದಲೋ, ಹಳೆಯ ಬ್ಯಾಟಿನಿಂದಲೋ, ನನ್ನಿಂದಲೋ... ಸುತ್ತಲಿನವರು ಮಾತ್ರ "ಮೇಸ್ತ್ರಿ ಹೇಳಿದ್ದು ಸುಳ್ಳಾಗಲ್ಲಪ್ಪಾ" ಎಂದು ಅವರ ಬೆನ್ನು ತಟ್ಟುತ್ತಿದ್ದರು.

ಚಾಂಪಿಯನ್ನರು ಟವೆಲು ಹೊದ್ದು ನೇರ ನಮ್ಮ ಹತ್ತಿರ ಬಂದರು. ಬೆಂಚಿನ ಮೇಲಿಟ್ಟಿದ್ದ ಬ್ಯಾಟನ್ನು ಮೇಸ್ತ್ರಿಯ ಕೈಗಿಟ್ಟರು.

"ಏನ್ ಮೇಸ್ತ್ರೀ, ಕೈ ಸೋತು ಹೋಯ್ತಾ?"

ಬೇಕೆಂದೇ ಸಡಿಲ ಮಾಡಿದ್ದೆಂದು ಮೇಸ್ತ್ರಿ ನಿಜ ಹೇಳಿದರೆ, ನಿಮ್ಮ ತೋಳಿನ ಮೇಲೆ ನಂಬಿಕೆ ಇರಲಿಲ್ಲ ಎಂದು ಅವರ ಮುಖಕ್ಕೇ ಹೇಳಿದಂತೆ. ನಾನು ಬಾಯಿ ಬಿಡಬೇಕಿತ್ತು. ಛತ್ರಿಯ ಗುಂಡಿ ಹಾಕುತ್ತಾ ನಿಂತೆ.

"ಹೌದು ಸಾರ್," ಎಂದರು ಮೇಸ್ತ್ರಿ. "ವಯಸ್ಸಾಯ್ತು."

"ಸರಿ ಬಿಡಿ, ಇಬ್ರಿಗೂ ಆಯ್ತು."

ಅಕ್ಕಪಕ್ಕದವರು ಅದನ್ನು ಕೇಳಿಸಿಕೊಂಡಿದ್ದರು. ಮುಂದಿನ ತಿಂಗಳಿಂದ ಜಗಲಿಗೆ ಬ್ಯಾಟುಗಳು ಬರುವುದು ಕಡಿಮೆಯಾಯಿತು. ಮಳೆಗಾಲದ ಹೊತ್ತಿಗೆ ನಿಂತೇಹೋಯಿತು. ಮೇಸ್ತ್ರಿ ಶಿವಾಜಿನಗರದಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಯಲು ಹೋಗುತ್ತಿದ್ದರು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅತ್ತಾದರೂ ಬಿಡುತ್ತಿದ್ದೆನೋ ಏನೋ.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಆ ಬ್ಯಾಟು ತಂದುಕೊಟ್ಟರು. "ನಿಮಗೇ ಕೊಡ್ಬೇಕು ಅಂತ ಹೇಳಿದ್ರು." ಯಾಕೆಂದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಇವತ್ತು ಏಣಿಯ ಮೇಲೆ ನಿಂತೇ ಧೂಳು ಒರೆಸಿ, ಉಗುರಿನಿಂದ ಒಂದು ತಂತಿ ಮೀಟಿ ಕಿವಿಗೆ ಹಿಡಿದೆ. ಏನೋ ಸದ್ದಾಯಿತು. ಸಡಿಲವೋ ಬಿಗಿಯೋ ತಿಳಿಯಲಿಲ್ಲ. ತಿಳಿಯುತ್ತಿದ್ದುದು ಇಬ್ಬರಿಗೆ ಮಾತ್ರ, ಇಬ್ಬರೂ ಈಗಿಲ್ಲ. ಛತ್ರಿ ಸಿಗಲಿಲ್ಲ. ಇಳಿದು ಬಂದೆ.