ಗಗನನೌಕೆಗೆಂದು ಬಿಟ್ಟ ಗೋಡೆ

ಓದುಗರಿಗೆ ನಮಸ್ಕಾರ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಮೀಸೆ ಬಂದ ಮೇಲೆ. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ ಬಸ್ಸು ಕ್ಯಾತನಹಳ್ಳಿ ದಾಟುವಾಗ ಬೆಲ್ಲ ಕಾಯುವ ವಾಸನೆ ಬಂತು. ಬಾಯಲ್ಲಿ ನೀರೂರಬೇಕಿತ್ತು, ಊರಲಿಲ್ಲ. ನಿಂಗಣ್ಣನ ಆಲೆಮನೆ ನೆನಪಾಗಿತ್ತು.

ನಿಂಗಣ್ಣ ನನ್ನ ಸೋದರಮಾವನ ಮಗ. ಕೆಲವು ವರ್ಷಗಳ ಹಿಂದೆ, ಆಕಾಶಕ್ಕೆ ಹೋಗಿಬಂದು ನಿವೃತ್ತಿಯಾದ ಗಗನನೌಕೆಯೊಂದನ್ನು ಜನರಿಗೆ ತೋರಿಸಲು ಬಾಹ್ಯಾಕಾಶ ಸಂಸ್ಥೆಯವರು ಊರು ಹುಡುಕುತ್ತಿದ್ದಾರೆಂಬ ಸುದ್ದಿ ಬಂತು. ಜಾಗ, ಕಟ್ಟಡ ಊರಿನವರದು, ನೌಕೆ ಅವರದು. ಶ್ರೀರಂಗಪಟ್ಟಣ ನೋಡಲು ಬಂದವರು ನಮ್ಮೂರಿಗೂ ಬರುತ್ತಾರೆಂದು ನಾವೊಂದು ಸಮಿತಿ ಮಾಡಿದೆವು. ನಾನೇ ಕಾರ್ಯದರ್ಶಿ, ನನ್ನ ಜೇಬಿನಲ್ಲಿ ಪೆನ್ನಿತ್ತು, ಅಷ್ಟೇ ಅರ್ಹತೆ.

ರಸ್ತೆ ಪಕ್ಕ ಜಾಗ ಕೊಡುವವರಿಲ್ಲ. ಆಗ ನಿಂಗಣ್ಣ ಎದ್ದ.

"ನನ್ ಆಲೆಮನೆ ಕೆಡವ್ಬುಡ್ರಲಾ. ಬೆಲ್ಲ ಎಲ್ಲಾರ ಸಿಕ್ತದೆ. ಆಕಾಸ ನೋಡ್ಕಬಂದಿದ್ದು ಎಲ್ ಸಿಕ್ಕದು?"

ಅವನ ಹೆಂಡತಿ ಪುಟ್ಟಮ್ಮ ಬಾಗಿಲಲ್ಲೇ ಕೇಳಿದಳು: "ಒಲೆ ಕೆಡುಸ್ಬುಟ್ಟು ಏನ್ ಉಣ್ತೀಯೆ, ರಾಕೆಟ್ಟಾ?"

ನಾವೆಲ್ಲ ನಕ್ಕೆವು. ಆ ವಾರವೇ ಆಲೆಮನೆ ಕೆಡವಿದೆವು.

ನಮ್ಮೂರಲ್ಲಿ ಆಲೆಮನೆ ಕಟ್ಟುವಾಗ ಮೊದಲು ಗಾಣ ತಂದು ಕೂರಿಸುತ್ತಾರೆ, ಆಮೇಲೆ ಸುತ್ತ ಗೋಡೆ. ಇಲ್ಲೂ ನಿಂಗಣ್ಣನದು ಅದೇ ಹಟ. "ಮೊದ್ಲು ಅದು ಬಂದ್ ಕುಂತ್ಕಳ್ಳಿ ಕಣ್ಲಾ. ಬಾಗ್ಲಲ್ ಸಿಕ್ಕಾಕಂಡ್ರೆ ತಿರ್ಗ ಮ್ಯಾಕ್ ಕಳ್ಸಕಾದದಾ?" ಎಲ್ಲರಿಗೂ ಸರಿಯೆನಿಸಿತು. ಚಿನಕುರಳಿಯ ಕಲ್ಲಿನಲ್ಲಿ ಮೂರು ಗೋಡೆ ಎದ್ದವು. ರಸ್ತೆ ಕಡೆಯದನ್ನು ನೌಕೆಗೆಂದು ಬಿಟ್ಟೆವು.

ಜಾಗ ನೋಡಲು ಬಂದ ಸಂಸ್ಥೆಯ ಅಧಿಕಾರಿ ಸುತ್ತಲೂ ಕಣ್ಣಾಡಿಸಿ, "ಕಟ್ಟಡ ಎಲ್ಲಿ?" ಎಂದರು.

"ಇದೇಯ ಸಾ. ಅದು ಬಂದೇಟ್ಗೆ ಮುಚ್ಬುಡ್ತೀವಿ," ಎಂದ ನಿಂಗಣ್ಣ.

"ಕಟ್ಟಡ ಮುಗಿದರೆ ತಾನೇ ನಾವು ಕಳಿಸೋದು?"

ಎಳನೀರು ಕುಡಿದು ಹೊರಟುಹೋದರು. ನಾವು ಮತ್ತೆ ಕಲ್ಲು ತರಿಸುವಷ್ಟರಲ್ಲಿ ನೌಕೆ ಬೇರೆ ಊರಿನ ಪಾಲಾಗಿತ್ತು. ಸುದ್ದಿಯನ್ನು ನಿಂಗಣ್ಣನಿಗೆ ನಾನೇ ಮೊಬೈಲಿನಲ್ಲಿ ಓದಿ ಹೇಳಿದೆ. ಅವನು ಕೇಳಿದ್ದು ಒಂದೇ: "ಅಲ್ಲಿ ಬಾಗ್ಲು ಏಟ್ ಅಗ್ಲ ಮಡಗವ್ರಂತ್ಲಾ?"

ಆಲೆಮನೆ ಮತ್ತೆ ಏಳಲಿಲ್ಲ. ಗಾಣ ಯಾವಾಗಲೋ ಮಾರಿಹೋಗಿತ್ತು. ಸಮಿತಿಯವರು ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟರು, ನಾನೂ ಸೇರಿ.

ಮೊನ್ನೆ ಮಾತ್ರ ಬಸ್ಸಿಳಿದು ಅಲ್ಲಿಗೆ ಹೋದೆ. ನಿಂಗಣ್ಣ ಒಬ್ಬನೇ ನಿಂತು, ನೌಕೆಗೆಂದು ಬಿಟ್ಟಿದ್ದ ಗೋಡೆ ಕಟ್ಟುತ್ತಿದ್ದ. ಬಾಗಿಲಿಗೂ ಸಂದು ಬಿಟ್ಟಿರಲಿಲ್ಲ.

"ಇನ್ಯಾಕಣ್ಣ ಇದು?"

"ಓಗೋರು ಬರೋರು ಬಗ್ಗಿ ಬಗ್ಗಿ ನೋಡ್ತಾರೆ ಕಣ್ಲಾ. ಒಳಗೇನೂ ಇಲ್ಲ ಅಂತ ಕಾಣ್ಬಾರ್ದು."

ನಾನು ಪಂಚೆ ಎತ್ತಿಕಟ್ಟಿ ಕಲ್ಲು ಎತ್ತಿಕೊಡುತ್ತಾ ನಿಂತೆ.

ನಿಮ್ಮೂರಿನಲ್ಲೂ ಹೀಗೆ ಬಾರದ ಯಾವುದಕ್ಕೋ ಜಾಗ ಬಿಟ್ಟು ಕಾದವರಿದ್ದರೆ ಬರೆದು ತಿಳಿಸಿ. ಅವನಿಗೆ ಓದಿ ಹೇಳುತ್ತೇನೆ.