ಐದಕ್ಕೆ ಐದು ಕೊಟ್ಟ ವಿವರಣೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸವಣೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ವೀಳ್ಯದೆಲೆ ಮಾರುವ ಅಪ್ಪ ನನಗಿಂತ ಜೋರಾಗಿ ಹೇಳುತ್ತಾನೆ. ಮಗಳು ಎಂಥ ಕೆಲಸ ಮಾಡ್ತಾಳೆ ಅಂತ ಕೇಳಿದರೆ ಮಾತ್ರ, "ಕಂಪ್ಯೂಟರಿಗೆ ಬುದ್ಧಿ ಹೇಳ್ತಾಳ್ರಿ" ಎಂದು ಮುಗಿಸಿಬಿಡುತ್ತಾನೆ.

ಪೂರ್ತಿ ಸುಳ್ಳೇನಲ್ಲ. ಎಐ ಏಜೆಂಟ್ ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡಿ ಮುಗಿಸಲು ಹೊರಡುವ ಕಂಪ್ಯೂಟರ್ ಆಳು. ಅದಕ್ಕೆ ಕೈಯಿಲ್ಲ. ಟಿಕೆಟ್ ತೆಗೆಯಲು ಒಂದು ಟೂಲ್, ರದ್ದು ಮಾಡಲು ಇನ್ನೊಂದು, ಮಳೆ ನೋಡಲು ಮತ್ತೊಂದು ಅಂತ ಕೊಟ್ಟಿರುತ್ತಾರೆ. ಪ್ರತಿಯೊಂದರ ಜೊತೆ ಒಂದೆರಡು ಸಾಲಿನ ವಿವರಣೆ. ಆಳು ಅದನ್ನಷ್ಟೇ ಓದಿ ಯಾವುದನ್ನು ಎತ್ತಿಕೊಳ್ಳಬೇಕು ಅಂತ ತೀರ್ಮಾನಿಸುತ್ತದೆ. ಆ ವಿವರಣೆ ನೆಟ್ಟಗಿದೆಯೋ ಇಲ್ಲವೋ ನೋಡಿ ಐದಕ್ಕೆ ಅಂಕ ಕೊಡುವುದು ನಮ್ಮ ಕೆಲಸ. ಇಬ್ಬರು ಬೇರೆ ಬೇರೆಯಾಗಿ ಕೊಡಬೇಕು, ಆಮೇಲೆ ಫೋನಿನಲ್ಲಿ ಮಾತಾಡಿ ಒಂದು ಅಂಕಕ್ಕೆ ಬರಬೇಕು.

ನನ್ನ ಜೋಡಿ ಹುಲಗೂರಿನ ಗೆಳತಿ. ಶಿಗ್ಗಾಂವಿಯ ಕಾಲೇಜಿನಲ್ಲಿ ನಮ್ಮದು ಒಂದೇ ಬೆಂಚು. ಅವರ ಮನೆಯಲ್ಲೂ ಅವಳೇ ಮೊದಲು ಓದಿದವಳು. ಅಂಕದಲ್ಲಿ ಬಲು ಜಿಪುಣಿ. "ಟಿಕೆಟ್ ಸಂಬಂಧಿ ಕೆಲಸ ಮಾಡುತ್ತದೆ" ಎಂಬ ವಿವರಣೆಗೆ ನಾನೊಮ್ಮೆ ನಾಲ್ಕು ಕೊಟ್ಟಿದ್ದೆ.

"ತಗೀತೈತೋ, ರದ್ದು ಮಾಡ್ತೈತೋ? ಊರಿಗೆ ಹೊಂಟಾಂವನ ಕೈಯಾಗಿನ ಟಿಕೆಟ್ಟೂ ಹರದು ಒಗೀತೈತಿ ಇದು! ನಾಕು ಅಂತ ನಾಕು. ನಿಮ್ಮಪ್ಪನ ಎಲಿ ಅಂದ್ಕೊಂಡಿ ಏನ, ಕೊಸರು ಹಾಕಾಕ?"

"ಹೋಗ, ಬಾಳ ಶಾಣ್ಯಾಕಿ ಬಂದಿ."

ದಿನಾ ಇದೇ ಜಗಳ. ಇದೇ ಸುಖ.

ಅವಳಿಗೆ ರಟ್ಟೀಹಳ್ಳಿಯಿಂದ ಸಂಬಂಧ ಬಂತು. ಕೆಲಸ ಬಿಡೋದಿಲ್ಲ ಅನ್ನುವುದೊಂದೇ ಅವಳ ಹಟ. ಅದಕ್ಕೆ ಹುಡುಗನೇ ವಾಟ್ಸಾಪಿನಲ್ಲಿ ಬರೆದು ಕಳಿಸಿದ: ಮದುವೆಯಾದ ಮೇಲೂ ಕೆಲಸ ಮಾಡಬಹುದು. ಬೇರೆ ಖೋಲಿ, ಇಂಟರ್ನೆಟ್ ಇರುತ್ತದೆ. ಕೆಲಸದ ಹೊತ್ತಿನಲ್ಲಿ ಅಡುಗೆಗೆ ಕರೆಯುವುದಿಲ್ಲ. ಸುಗ್ಗಿಯಲ್ಲಿ ಮಾತ್ರ ರಜೆ ಹಾಕಬೇಕಾದೀತು.

ಇಬ್ಬರೂ ಹುಲಗೂರಿನ ಅವರ ಕಟ್ಟೆಯ ಮೇಲೆ ಕೂತು ಅದನ್ನು ನಮ್ಮ ಕೆಲಸದಂತೆಯೇ ಜಾಲಾಡಿದೆವು. ಏನು ಸಿಗುತ್ತದೆ ಅಂತ ಇದೆ. ಯಾವಾಗ ಸಿಗುವುದಿಲ್ಲ ಅಂತಲೂ ಇದೆ. ಒಬ್ಬರಿಗೊಬ್ಬರು ತೋರಿಸದೆ ಫೋನಿನಲ್ಲಿ ಅಂಕ ಬರೆದು, ಆಮೇಲೆ ತಿರುಗಿಸಿ ತೋರಿಸಿಕೊಂಡೆವು. ಅವಳದೂ ಐದು, ನನ್ನದೂ ಐದು. ನಾವು ಜಗಳಾಡದ್ದು ಅದೊಂದೇ ಸಲ.

"ಇಂಥಾ ವಿವರಣೆ ನಮ್ಮ ಕಂಪನ್ಯಾಗೂ ಯಾರೂ ಬರ್ಯಾಂಗಿಲ್ಲ ನೋಡು" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಒಳಗೆ ಹೋಗಿ ಅಪ್ಪನಿಗೆ ಹೂಂ ಅಂದಳು.

ನಾವು ನೋಡುವುದು ವಿವರಣೆ ಮಾತ್ರ. ಟೂಲು ಬರೆದಂತೆ ನಡೆಯುತ್ತದೋ ಇಲ್ಲವೋ ಇನ್ನೆಲ್ಲೋ ಇನ್ಯಾರೋ ನೋಡುತ್ತಾರೆ. ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಮದುವೆಯಾದ ಹೊಸದರಲ್ಲಿ ಕೆಲಸಕ್ಕೆ ಕೂತಳು. ಆಮೇಲೆ ಅತ್ತೆ ಜಾರಿ ಬಿದ್ದು ಕಾಲು ಮುರಿದುಕೊಂಡರು. "ನಾಳೆ ಕುಂದರ್ತೇನಿ" ಅನ್ನತೊಡಗಿದಳು. ಕಾಲು ಕೂಡಿತು. ನಾಳೆ ಬರಲಿಲ್ಲ. ನನಗೆ ಬೇರೆ ಜೋಡಿ ಕೊಟ್ಟರು. ನಾನು ತಡೆಯಲಾಗದೆ ರಟ್ಟೀಹಳ್ಳಿಗೆ ಹೋದೆ.

ಖೋಲಿ ನಿಜವಾಗಿಯೂ ಇತ್ತು. ಇಂಟರ್ನೆಟ್ ಡಬ್ಬಿಯ ಹಸಿರು ದೀಪ ಮಿಣುಕುತ್ತಿತ್ತು. ಮೇಜಿನ ಮೇಲೆ ಮಡಚಿಟ್ಟ ಹಾಸಿಗೆಗಳ ಒಟ್ಟಲು.

"ಬಾರವ್ವ, ಕುಂದರು" ಎಂದರು ಅತ್ತೆ ಪ್ರೀತಿಯಿಂದಲೇ. "ಬ್ಯಾಡ ಅಂತ ಯಾರೂ ಅಂದಿಲ್ಲ ನೋಡು. ಆಕಿಗೇ ಹೊತ್ತು ಸಿಗೂದಿಲ್ಲ."

ಅವರು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

ಅತ್ತೆ ಹೊರಗೆ ಹೋದದ್ದೇ ತಡ, ಗೆಳತಿ ಹತ್ತಿರ ಸರಿದಳು. "ಇವತ್ತಿಂದು ಏನೈತಿ? ಓದು ಲಗೂನ."

"ಮಳೆಯ ಮಾಹಿತಿ ನೀಡುತ್ತದೆ, ಅಂತ ಐತಿ."

"ಯಾವ ಊರಿಂದು? ಬಿದ್ದದ್ದೋ, ಬೀಳೂದೋ? ಎಷ್ಟ ಕೊಡಾಕಿ?"

"ಮೂರು."

"ಎರಡಕ್ಕಿಂತ ಹೆಚ್ಚ ಕೊಟ್ಟಿ ಅಂದ್ರ ನೋಡು ಮತ್ತ. ಕೊಸರು ಹಾಕಬ್ಯಾಡ."

ಅದೇ ಬೆಂಚಿನ ಮೇಲಿನ ಮುಖ. ಎಷ್ಟು ದಿನದ ಮೇಲೆ ಕಂಡೆ. ಅಷ್ಟರಲ್ಲಿ ಅಡುಗೆಮನೆಯಿಂದ ಯಾರೋ, "ಹಾಲು ಉಕ್ಕಾಕತ್ತೈತಿ, ಎಲ್ಲಿ ಅದಾಳ ಈಕಿ?" ಅಂದರು. ಎದ್ದು ಓಡಿದಳು. ಹಾಲಿನ ಹಿಂದೆ ಚಹಾ, ಚಹಾದ ಹಿಂದೆ ರೊಟ್ಟಿ. ನನ್ನ ಬಸ್ಸಿನ ಹೊತ್ತಾಯಿತು. ಹಿಟ್ಟಿನ ಕೈಯಲ್ಲೇ ಬಾಗಿಲತನಕ ಬಂದು ನಿಂತಳು.

ಮರುದಿನ ಮಳೆಯ ಟೂಲಿಗೆ ಎರಡು ಕೊಟ್ಟೆ. ಹೊಸ ಜೋಡಿ ಸಜ್ಜನ ಹುಡುಗ, ಯಾವ ಊರಿನವನೋ.

"ನಾನು ನಾಲ್ಕು ಕೊಟ್ಟಿದ್ದೆ ಮೇಡಂ. ಪರವಾಗಿಲ್ಲ, ಎರಡೇ ಇರಲಿ."

"ಯಾಕ ಇರಬೇಕು? ನಾಕು ಯಾಕ ಕೊಟ್ಟಿದ್ರಿ, ಹೇಳ್ರಿ. ಜಗಳಾ ಮಾಡ್ರಿ ಒಂದೀಟು."

ಅವನು ಗಾಬರಿಯಾದ. "ನನ್ನಿಂದ ಏನಾದರೂ ತಪ್ಪಾಯ್ತಾ ಮೇಡಂ?"

"ಇಲ್ರಿ" ಅಂದು ಮೈಕ್ ಬಂದ್ ಮಾಡಿಕೊಂಡೆ. ಅವನು "ಮೇಡಂ, ಕೇಳಿಸ್ತಾ ಇದೆಯಾ?" ಎಂದು ಕರೆಯುತ್ತಲೇ ಇದ್ದ.